ಎರಡೂ ಕೈಗೆ ಪಟ್ಟಿ ಯಾಕೆ?

ಪ್ರಶ್ನೆ: ಅಪ್ಪನಿಗೆ ಪಾರ್ಶ್ವವಾಯು ಆಗಿ 4 ತಿಂಗಳಾಯಿತು. ಬಲಗೈ ಸೋತಿದೆ. ಫಿಸಿಯೋಥೆರಪಿಯವರು ಎರಡೂ ಮಣಿಕಟ್ಟಿಗೆ ವಾಚಿನಂಥ ಸೆನ್ಸರ್ ಪಟ್ಟಿ ಕಟ್ಟಿ ಕಳಿಸಿದ್ದಾರೆ. ಸರಿಯಿರುವ ಎಡಗೈಗೂ ಯಾಕೆ?

ಉತ್ತರ: ಹೋಲಿಸಿ ನೋಡುವುದಕ್ಕೇ. ಒಳಗಿನ ಅಕ್ಸೆಲೆರೋಮೀಟರ್ ಕೈಯ ಅಲುಗಾಟವನ್ನು ದಿನವಿಡೀ ದಾಖಲಿಸುತ್ತದೆ. ಆರೋಗ್ಯವಂತರು ಎರಡೂ ಕೈಗಳನ್ನು ಹೆಚ್ಚುಕಡಿಮೆ ಸಮನಾಗಿ ಬಳಸುತ್ತಾರೆ. ಬಲಗೈ ಎಷ್ಟು ಹಿಂದಿದೆ ಅಂತ ಎಡಗೈ ಲೆಕ್ಕವೇ ಹೇಳಬೇಕು, ಅಲ್ವಾ? ನನ್ನೆದುರು ಲೋಟ ಎತ್ತಿದವರೇ ಮನೆಯಲ್ಲಿ ಆ ಕೈಯನ್ನು ಮಡಿಲಲ್ಲಿಟ್ಟು ಕೂರುತ್ತಾರೆ. ಇದನ್ನು ತುಂಬ ನೋಡಿದ್ದೇನೆ, ಸಂಕಟವಾಗುತ್ತದೆ. ಪಟ್ಟಿ ಅದನ್ನು ತೋರಿಸಿಕೊಡುತ್ತದೆ.

ಒಂದು ವಿಷಯ. ನಡೆಯುವಾಗ ಕೈ ಬೀಸಿದರೂ ಸೆನ್ಸರ್ ಅದನ್ನು ಎಣಿಸುತ್ತದೆ. ಹಾಗಾಗಿ ಅಪ್ಪ ವಾಕಿಂಗ್ ಹೋದ ಹೊತ್ತು, ಪಟ್ಟಿ ಬಿಚ್ಚಿದ ಹೊತ್ತು ಚೀಟಿಯಲ್ಲಿ ಬರೆದಿಡಿ. ಊಟಕ್ಕೆ ಕೂತಾಗ ಸುಮ್ನೆ ನೀವೇ ಅನ್ನ ಕಲಸಿ ಕೊಡಬೇಡಿ. ಜಾಸ್ತಿ ಹೊತ್ತಾದರೂ ಅಪ್ಪನ ಬಲಗೈ ಬೆರಳುಗಳೇ ಕಲಸಲಿ.