ವಿಂಡೋಸ್ ಪದೇ ಪದೇ ನಿಂತರೆ ಲಿನಕ್ಸ್ ಹಾಕಬೇಕಾ?

ಬಾಗಲಕೋಟೆಯ ನಿಮ್ಮ ಡಿಟಿಪಿ ಅಂಗಡಿಯಲ್ಲಿ ವಿಂಡೋಸ್ ಆಗಾಗ ನೀಲಿ ಪರದೆ ತೋರಿಸಿ ನಿಲ್ಲುತ್ತದೆ, ಲಿನಕ್ಸ್ ಹಾಕಿದರೆ ಈ ಕಾಟ ತಪ್ಪುತ್ತದಾ ಅಂತ ಕೇಳಿದ್ದೀರಿ. ಅವಸರ ಬೇಡ. ಮೊದಲು ರ‍್ಯಾಮ್ (ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ಮೆಮೊರಿ) ಮತ್ತು ಡ್ರೈವರ್ (ಪ್ರಿಂಟರ್‌ನಂಥ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ನೋಡಿ.

ವಿಂಡೋಸ್ 98ರ ಕಾಲದಲ್ಲಿ ಒಂದು ಪ್ರೋಗ್ರಾಂ ಕೆಟ್ಟರೆ ಇಡೀ ಸಿಸ್ಟಂ ಕೂತುಬಿಡುತ್ತಿತ್ತು. 2001ರ ಎಕ್ಸ್‌ಪಿಯಿಂದ ಮನೆಬಳಕೆಯ ವಿಂಡೋಸ್‌ಗೂ ಎನ್‌ಟಿ ಕರ್ನಲ್ (ಕರ್ನಲ್ ಅಂದರೆ ಸಿಸ್ಟಂನ ಒಳತಿರುಳು; ಎನ್‌ಟಿ ಮೊದಲು ಕಚೇರಿಗಳಿಗಿದ್ದ ವಿಂಡೋಸ್) ಬಂತು. ಈಗ ಸಾಮಾನ್ಯವಾಗಿ ಕೆಟ್ಟ ಪ್ರೋಗ್ರಾಂ ಒಂದೇ ಮುಚ್ಚುತ್ತದೆ. ಇಡೀ ಕಂಪ್ಯೂಟರ್ ಬೀಳುವುದು ಜಾಸ್ತಿ ಡ್ರೈವರ್‌ನಿಂದ ಇಲ್ಲವೇ ಹಾರ್ಡ್‌ವೇರ್‌ನಿಂದ. 2024ರ ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ಬಿದ್ದವಲ್ವಾ? ಅದಕ್ಕೆ ಕಾರಣ ಕ್ರೌಡ್‌ಸ್ಟ್ರೈಕ್ ಎಂಬ ಬೇರೆ ಕಂಪನಿಯ ಭದ್ರತಾ ಸಾಫ್ಟ್‌ವೇರ್‌ಗೆ ಬಂದ ತಪ್ಪು ಅಪ್‌ಡೇಟ್. ಅದರ ಡ್ರೈವರ್ ಕರ್ನಲ್ ಒಳಗೇ ಓಡುತ್ತಿತ್ತು. ಲಿನಕ್ಸ್‌ನಲ್ಲೂ ಹೆಚ್ಚಿನ ಡ್ರೈವರ್‌ಗಳು ಅಲ್ಲೇ ಓಡುತ್ತವೆ. ರ‍್ಯಾಮ್ ಕೆಟ್ಟಿದ್ದರಂತೂ ಯಾವ ಸಿಸ್ಟಂ ಹಾಕಿದರೂ ಅದೇ ಪಾಡು.

ಮ್ಯಾಕ್‌ಗೆ ಒಂದು ಅನುಕೂಲ ಇದೆ: ಯಂತ್ರ, ಸಿಸ್ಟಂ ಎರಡೂ ಆ್ಯಪಲ್‌ನದೇ, ಹಾಗಾಗಿ ಡ್ರೈವರ್ ಹೊಂದದ ತೊಂದರೆ ಕಡಿಮೆ.

ವಿಂಡೋಸ್‌ನಲ್ಲೇ ಇರುವ ರಿಲಯಬಿಲಿಟಿ ಮಾನಿಟರ್ ತೆರೆಯಿರಿ. ಯಾವ ದಿನ ಏನು ಬಿತ್ತು ಅಂತ ಕೆಂಪು ಗುರುತು ಹಾಕಿ ತೋರಿಸುತ್ತದೆ. ಹೊಸ ಪ್ರಿಂಟರ್ ಡ್ರೈವರ್ ಹಾಕಿದ ದಿನದಿಂದಲೇ ಗುರುತು ಶುರುವಾಗಿದ್ದರೆ ಮೊದಲು ಅದನ್ನು ತೆಗೆಯಿರಿ. ರಾತ್ರಿ ಅಂಗಡಿ ಮುಚ್ಚುವಾಗ ರ‍್ಯಾಮ್ ಪರೀಕ್ಷಿಸುವ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ.

ಲಗ್ನಪತ್ರಿಕೆ ಮಾಡುವ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಲೇಬೇಡಿ, ಪುಟ ಜೋಡಿಸುವ ಸಾಫ್ಟ್‌ವೇರ್ ಆದ ಪೇಜ್‌ಮೇಕರ್‌ಗೆ ಲಿನಕ್ಸ್ ಆವೃತ್ತಿಯೇ ಇಲ್ಲ. ಬರೀ ಬ್ರೌಸರ್‌ಗೆ ಇನ್ನೊಂದು ಕಂಪ್ಯೂಟರ್ ಇದ್ದರೆ ಡೆಬಿಯನ್ ಸ್ಟೇಬಲ್ (ಲಿನಕ್ಸ್‌ನ ಒಂದು ಬಗೆ) ಹಾಕಿ. ಹೊಸ ಆವೃತ್ತಿ ಸುಮಾರು 2 ವರ್ಷಕ್ಕೊಮ್ಮೆ ಬರುತ್ತದೆ, ನಡುವೆ ಬರುವುದು ಹೆಚ್ಚಾಗಿ ತಿದ್ದುಪಡಿಗಳಷ್ಟೇ.