ವೋಟು ಹಾಕುವಾಗ ಅಭ್ಯರ್ಥಿಯ ಧರ್ಮ ನೋಡಬೇಕಾ?

ಪ್ರಶ್ನೆ: ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಒಂದೇ ಜಗಳ. ‘ದೇವರಿಗೆ ಹೆದರುವವನಿಗೇ ವೋಟು ಹಾಕಬೇಕು, ಅದರಲ್ಲೂ ನಮ್ಮ ಧರ್ಮದವನಾದರೆ ಒಳ್ಳೆಯದು’ ಎನ್ನುವುದು ಅಪ್ಪನ ವಾದ. ‘ಧರ್ಮ ನೋಡುವುದೇ ತಪ್ಪು, ಅದು ಅವರವರ ಖಾಸಗಿ ವಿಚಾರ’ ಎಂದು ತಂಗಿ ಹೇಳುತ್ತಾಳೆ. ನನಗೆ ಇಬ್ಬರ ಮಾತೂ ಸ್ವಲ್ಪ ಸ್ವಲ್ಪ ಸರಿ ಅನಿಸುತ್ತದೆ. ಯಾರ ಪಕ್ಷ ವಹಿಸಲಿ?

ಉತ್ತರ: ಮೊದಲು ಅಪ್ಪನ ಮಾತು ನೋಡೋಣ. ದೇವರಿಗೆ ಹೆದರುವವನು ತಪ್ಪು ಮಾಡುವುದಿಲ್ಲ ಎನ್ನುವುದು ಕೇಳಲು ಚೆನ್ನಾಗಿದೆ. ಆದರೆ ಯಾರು ಎಷ್ಟು ಹೆದರುತ್ತಾರೆ ಅನ್ನುವುದು ಆ ದೇವರಿಗೇ ಗೊತ್ತು. ನಮಗೆ ಕಾಣುವುದು ಹೆಸರು, ವೇಷ, ಪ್ರಾರ್ಥನೆ ಮಾಡುವಾಗ ತೆಗೆಸಿಕೊಂಡ ಫೋಟೊ ಅಷ್ಟೇ. ಚುನಾವಣೆ ಬಂತೆಂದರೆ ಈ ಫೋಟೊಗಳು ಜಾಸ್ತಿ ಆಗುವುದನ್ನು ನೀವೂ ಗಮನಿಸಿರುತ್ತೀರಿ, ಅಲ್ವಾ?

ಒಂದೇ ಧರ್ಮದವರು ಒಂದೇ ಥರ ನಡೆದುಕೊಳ್ಳುತ್ತಾರಾ ಎಂದು ಯಾರಾದರೂ ಕೇಳಿದರೆ ನಾನು ಒಂದು ದಿನದ ಕಥೆ ಹೇಳುತ್ತೇನೆ. 2020ರ ಫೆಬ್ರವರಿ 5. ಅಮೆರಿಕದ ಸೆನೆಟ್‌ನಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ವಾಗ್ದಂಡನೆಯ ಮೇಲೆ ಮತದಾನ. ಯೂಟಾ ರಾಜ್ಯದ ಇಬ್ಬರು ಸೆನೆಟರ್‌ಗಳು ಅಲ್ಲಿದ್ದರು. ಮಿಟ್ ರಾಮ್ನಿ ಮತ್ತು ಮೈಕ್ ಲೀ. ಒಂದೇ ರಾಜ್ಯ, ಒಂದೇ ರಿಪಬ್ಲಿಕನ್ ಪಕ್ಷ, ಒಂದೇ ಮಾರ್ಮನ್ ಚರ್ಚು. ರಾಮ್ನಿ ಎದ್ದು ನಿಂತು, ನಿಷ್ಪಕ್ಷಪಾತವಾಗಿ ನ್ಯಾಯ ಹೇಳುತ್ತೇನೆ ಎಂದು ದೇವರ ಮುಂದೆ ಪ್ರಮಾಣ ಮಾಡಿದ್ದೇನೆ, ಅದನ್ನು ಹಗುರವಾಗಿ ತೆಗೆದುಕೊಳ್ಳಲಾರೆ ಎಂದರು. ಎರಡು ಆರೋಪಗಳಲ್ಲಿ ಒಂದರಲ್ಲಿ ಟ್ರಂಪ್ ತಪ್ಪಿತಸ್ಥರು ಎಂದು ಮತ ಹಾಕಿದರು. ತನ್ನದೇ ಪಕ್ಷದ ಅಧ್ಯಕ್ಷರ ವಿರುದ್ಧ ಹೀಗೆ ಮತ ಹಾಕಿದ ಮೊದಲ ಸೆನೆಟರ್ ಅವರು. ಲೀ ಎರಡೂ ಆರೋಪಗಳಲ್ಲಿ ಟ್ರಂಪ್ ನಿರ್ದೋಷಿ ಎಂದರು.

ಇಬ್ಬರಲ್ಲಿ ಯಾರು ಸರಿ ಎನ್ನುವ ಚರ್ಚೆ ಇಲ್ಲಿ ಬೇಡ. ರಾಮ್ನಿಯವರ ನಿರ್ಧಾರದಲ್ಲಿ ಅವರ ನಂಬಿಕೆಗೆ ಪಾಲಿತ್ತು, ಅದನ್ನು ಅವರೇ ಹೇಳಿದ್ದಾರೆ. ಅಷ್ಟರ ಮಟ್ಟಿಗೆ ನಿಮ್ಮ ಅಪ್ಪ ಗೆದ್ದರು. ಆದರೆ ‘ಮಾರ್ಮನ್’ ಎನ್ನುವ ಒಂದು ಪದ ನೋಡಿ ಆ ದಿನದ ಎರಡು ವೋಟುಗಳನ್ನು ಯಾರೂ ಮೊದಲೇ ಊಹಿಸಲು ಆಗುತ್ತಿರಲಿಲ್ಲ. ನಂಬಿಕೆ ಮನುಷ್ಯನ ಒಳಗೆ ಕೆಲಸ ಮಾಡುತ್ತದೆ. ಹೊರಗಿನ ಚೀಟಿ ಓದಿದರೆ ಅದು ಸಿಗುವುದಿಲ್ಲ.

ಇನ್ನೊಂದು ವಿಚಾರ. ಧರ್ಮ ನೋಡಿ ವೋಟು ಹಾಕುತ್ತೇವೆ ಎನ್ನುವವರು ನಿಜಕ್ಕೂ ಭಕ್ತಿಯನ್ನೇ ನೋಡುತ್ತಾರಾ ಎಂಬ ಅನುಮಾನ ನನಗೆ ಮೊದಲಿಂದಲೂ ಇದೆ. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಚರ್ಚಿನಲ್ಲಿ ಮಕ್ಕಳಿಗೆ, ದೊಡ್ಡವರಿಗೆ ಭಾನುವಾರದ ಬೈಬಲ್ ಪಾಠ ಹೇಳಿಕೊಡುತ್ತಿದ್ದವರು. 1980ರಲ್ಲಿ ಅವರ ಎದುರು ನಿಂತದ್ದು ರೊನಾಲ್ಡ್ ರೇಗನ್. ಅವರು ಮೊದಲ ಮದುವೆ ಮುರಿದು ಎರಡನೆಯ ಮದುವೆ ಆದವರು, ಸಿನಿಮಾ ನಟ. ಕಟ್ಟಾ ಧಾರ್ಮಿಕ ಮತದಾರರಲ್ಲಿ ದೊಡ್ಡ ಪಾಲು ಹೋದದ್ದು ರೇಗನ್ ಕಡೆಗೆ. ಅವರಿಗೆ ಬೇಕಾಗಿದ್ದ ಕಾನೂನು, ನೀತಿಗಳ ಭರವಸೆ ರೇಗನ್ ಕೊಟ್ಟಿದ್ದರು. ಅದು ತಪ್ಪೇನಲ್ಲ. ನೀತಿ ನೋಡಿ ವೋಟು ಹಾಕಿದರು, ಅಷ್ಟೇ. ಮನೆಯಲ್ಲಿ ಒಮ್ಮೆ ಅಪ್ಪನನ್ನು ಕೇಳಿ ನೋಡಿ: ಎದುರು ಪಕ್ಷದಲ್ಲಿ ಇನ್ನೂ ದೊಡ್ಡ ದೈವಭಕ್ತ ನಿಂತರೆ ನಿಮ್ಮ ವೋಟು ಅವರಿಗೇನಾ? ಉತ್ತರ ಬರುವ ಮೊದಲಿನ ಮೌನವನ್ನೂ ಗಮನಿಸಿ.

ಈಗ ತಂಗಿಯ ಮಾತಿಗೆ ಬರೋಣ. ಖಾಸಗಿ ವಿಚಾರ, ಕೇಳಲೇಬಾರದು ಎನ್ನುವುದು ಸಭ್ಯ ನಿಲುವು. ಆದರೆ ನಂಬಿಕೆಯನ್ನು ಚಪ್ಪಲಿಯ ಹಾಗೆ ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗಲು ಆಗುವುದಿಲ್ಲ. ಮದುವೆ, ವಿಚ್ಛೇದನ, ಗರ್ಭಪಾತ, ಮರಣದಂಡನೆ, ಶಾಲೆಯ ಪಠ್ಯ ಇವೆಲ್ಲ ಶಾಸನಸಭೆಗೆ ಬರುವ ವಿಷಯಗಳು. ಇವುಗಳ ಬಗ್ಗೆ ಅಭ್ಯರ್ಥಿಯ ನಂಬಿಕೆ ಏನಾದರೂ ಹೇಳುತ್ತಿದ್ದರೆ, ಅದನ್ನು ನನ್ನ ಮೇಲೂ ಹೇರುತ್ತೀರಾ ಎಂದು ಕೇಳುವ ಹಕ್ಕು ಮತದಾರನಿಗೆ ಇದೆ.

ಈ ಪ್ರಶ್ನೆಯನ್ನು ಜಾನ್ ಕೆನಡಿಯಷ್ಟು ನೇರವಾಗಿ ಎದುರಿಸಿದವರು ಕಡಿಮೆ. ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. 1928ರಲ್ಲಿ ನ್ಯೂಯಾರ್ಕ್ ಗವರ್ನರ್ ಆಲ್ ಸ್ಮಿತ್ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ದೊಡ್ಡ ಪಕ್ಷವೊಂದು ಆ ಹುದ್ದೆಗೆ ನಿಲ್ಲಿಸಿದ ಮೊದಲ ಕ್ಯಾಥೊಲಿಕ್ ಅವರು. ಇವರು ಗೆದ್ದರೆ ದೇಶ ಆಳುವುದು ಪೋಪ್ ಎಂಬ ಪ್ರಚಾರ ಜೋರಾಗಿ ನಡೆಯಿತು. ಸ್ಮಿತ್ ಹೀನಾಯವಾಗಿ ಸೋತರು. ಸೋಲಿಗೆ ಅದೊಂದೇ ಕಾರಣ ಅಲ್ಲ, ಆದರೆ ಅದೂ ಒಂದು ಕಾರಣ. 32 ವರ್ಷಗಳ ನಂತರ ಕೆನಡಿ ನಿಂತಾಗ ಅದೇ ಪ್ರಶ್ನೆ ಎದ್ದಿತು. 1960ರ ಸೆಪ್ಟೆಂಬರ್ 12ರಂದು ಅವರು ಹ್ಯೂಸ್ಟನ್‌ಗೆ ಹೋಗಿ ಪ್ರಾಟೆಸ್ಟಂಟ್ ಪಾದ್ರಿಗಳ ಮುಂದೆ ನಿಂತರು. ನಾನು ಕ್ಯಾಥೊಲಿಕ್ ಅಭ್ಯರ್ಥಿ ಅಲ್ಲ, ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ, ಜೊತೆಗೆ ಕ್ಯಾಥೊಲಿಕ್ ಕೂಡ ಆಗಿದ್ದೇನೆ ಅಷ್ಟೇ ಎಂಬರ್ಥದ ಮಾತು ಹೇಳಿದರು. ಆ ಮಾತು ಬಹಳ ಪ್ರಸಿದ್ಧ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಆಮೇಲೆ ಹೇಳಿದ್ದು. ನನ್ನ ಆತ್ಮಸಾಕ್ಷಿ ಮತ್ತು ದೇಶದ ಹಿತ ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳಲಾಗದ ದಿನ ಬಂದರೆ ರಾಜೀನಾಮೆ ಕೊಡುತ್ತೇನೆ ಎಂದರು.

ಗಮನಿಸಿ, ‘ನನ್ನ ಧರ್ಮದ ಬಗ್ಗೆ ಕೇಳಬೇಡಿ’ ಎಂದು ಅವರು ಬಾಗಿಲು ಹಾಕಿಕೊಳ್ಳಲಿಲ್ಲ. ಉತ್ತರ ಕೊಟ್ಟರು. ಯಾವುದೇ ಅಭ್ಯರ್ಥಿಯಿಂದ ನಾನು ಬಯಸುವುದು ಇಷ್ಟೇ: ನಿಮ್ಮ ನಂಬಿಕೆಯೂ ಹುದ್ದೆಯೂ ಎದುರುಬದುರಾದಾಗ ಏನು ಮಾಡುತ್ತೀರಿ? ಕೆನಡಿ ಕೂದಲೆಳೆಯ ಅಂತರದಲ್ಲಿ ಗೆದ್ದರು. ಅಂದಹಾಗೆ, ಕ್ಯಾಥೊಲಿಕ್ ಎಂಬ ಕಾರಣಕ್ಕೆ ಅವರಿಗೆ ವೋಟು ತಪ್ಪಿದ ಹಾಗೆಯೇ, ಅದೇ ಕಾರಣಕ್ಕೆ ಕ್ಯಾಥೊಲಿಕರ ವೋಟು ರಾಶಿ ರಾಶಿ ಬಿದ್ದವು. ಎರಡನೆಯದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ.

ಈ ಪ್ರಶ್ನೆಯಲ್ಲಿ ಮೋಸ ಆಗುವುದು ಇಲ್ಲೇ. ನಾವು ಅದನ್ನು ಬೇರೆ ಧರ್ಮದವರಿಗೆ ಮಾತ್ರ ಕೇಳುತ್ತೇವೆ. ನಮ್ಮವರು ನಿಂತಾಗ ಕೇಳುವ ಯೋಚನೆಯೇ ಬರುವುದಿಲ್ಲ, ಏಕೆಂದರೆ ಅವರ ನಂಬಿಕೆ ನಮಗೆ ನಂಬಿಕೆಯ ಹಾಗೆ ಕಾಣುವುದೇ ಇಲ್ಲ, ಸಹಜ ಬದುಕಿನ ಹಾಗೆ ಕಾಣುತ್ತದೆ. ಹಾಗಾಗಿ ಒಂದು ಸುಲಭದ ಕೆಲಸ ಮಾಡಿ. ಅಭ್ಯರ್ಥಿಯ ಬಗ್ಗೆ ನಿಮ್ಮ ಮನಸ್ಸಿನಲ್ಲಿರುವ ವಾಕ್ಯದಲ್ಲಿ ಧರ್ಮದ ಹೆಸರು ಮಾತ್ರ ಬದಲಿಸಿ, ನಿಮ್ಮ ಧರ್ಮದ ಹೆಸರು ಹಾಕಿ ಓದಿ. ಓದುವಾಗ ಕೋಪ ಬಂದರೆ ಮೂಲ ವಾಕ್ಯದಲ್ಲೇ ಏನೋ ಐಬಿದೆ.

2008ರಲ್ಲಿ ಬರಾಕ್ ಒಬಾಮ ಮುಸ್ಲಿಂ ಎಂಬ ಸುಳ್ಳು ಸುದ್ದಿ ಹಬ್ಬಿತ್ತು. ಬೆಂಬಲಿಗರು ‘ಇಲ್ಲ ಇಲ್ಲ, ಅವರು ಕ್ರೈಸ್ತರು’ ಎಂದು ಸಮಜಾಯಿಷಿ ಕೊಡುತ್ತಿದ್ದರು. ಮಾಜಿ ವಿದೇಶಾಂಗ ಸಚಿವ ಕಾಲಿನ್ ಪೊವೆಲ್, ತಾವು ರಿಪಬ್ಲಿಕನ್ ಆಗಿದ್ದೂ, ಟಿವಿಯಲ್ಲಿ ಒಬಾಮಗೆ ಬೆಂಬಲ ಸೂಚಿಸುತ್ತ ಬೇರೆ ಮಾತು ಹೇಳಿದರು. ಅವರು ಕ್ರೈಸ್ತರು ಅನ್ನುವುದು ಸರಿಯಾದ ಉತ್ತರವೇ. ಆದರೆ ನಿಜವಾಗಿ ಕೇಳಬೇಕಾದದ್ದು, ಮುಸ್ಲಿಂ ಆಗಿದ್ದರೆ ಏನೀಗ ಎಂದು. ಸುಳ್ಳನ್ನು ಅಲ್ಲಗಳೆಯುವ ಭರದಲ್ಲಿ ಆ ಸುಳ್ಳಿನ ಹಿಂದಿದ್ದ ತಿರಸ್ಕಾರವನ್ನು ಎಲ್ಲರೂ ಸುಮ್ನೆ ಒಪ್ಪಿಕೊಂಡುಬಿಟ್ಟಿದ್ದರು. ಪೊವೆಲ್ ಕೈ ಇಟ್ಟದ್ದು ಅಲ್ಲಿಗೆ.

ಕಾನೂನು ಏನು ಹೇಳುತ್ತದೆ ಎಂದು ನೀವು ಕೇಳಿಲ್ಲ, ಆದರೂ ಹೇಳುವುದು ಒಳ್ಳೆಯದು. ಕಾನೂನು ಕಟ್ಟಿಹಾಕುವುದು ಸರ್ಕಾರವನ್ನು, ಅಭ್ಯರ್ಥಿಯನ್ನು. ಮತದಾರನ ಮನಸ್ಸನ್ನು ಅದು ಮುಟ್ಟುವುದಿಲ್ಲ. ಯಾವ ಹುದ್ದೆಗೂ ಧಾರ್ಮಿಕ ಪರೀಕ್ಷೆ ಇರಕೂಡದು ಎಂದು ಅಮೆರಿಕದ ಸಂವಿಧಾನದ 6ನೇ ವಿಧಿ ಹೇಳುತ್ತದೆ. ಭಾರತದಲ್ಲಿ ಧರ್ಮದ ಹೆಸರಲ್ಲಿ ವೋಟು ಕೇಳುವುದು 1951ರ ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 123(3)ರ ಪ್ರಕಾರ ಚುನಾವಣಾ ಅಕ್ರಮ. ಅಭ್ಯರ್ಥಿಯ ಧರ್ಮದ ಹೆಸರಲ್ಲಿ ಕೇಳಿದರೆ ಮಾತ್ರ ತಪ್ಪೋ, ಮತದಾರನ ಧರ್ಮದ ಹೆಸರಲ್ಲಿ ಕೇಳಿದರೂ ತಪ್ಪೋ ಎಂಬ ವಾದ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಮುಂದೆ ಹೋಯಿತು. 2017ರ ಜನವರಿ 2ರಂದು ನಾಲ್ವರು ‘ಎರಡೂ ತಪ್ಪು’ ಎಂದರು, ಮೂವರು ಒಪ್ಪಲಿಲ್ಲ. ಇಷ್ಟೆಲ್ಲ ಆದ ಮೇಲೂ ಮತಯಂತ್ರದ ಮುಂದೆ ನಿಂತಾಗ ನೀವು ಯಾವ ಕಾರಣಕ್ಕೆ ಯಾವ ಗುಂಡಿ ಒತ್ತಿದಿರಿ ಎಂದು ಕೇಳುವವರು ಯಾರೂ ಇಲ್ಲ. ಅಲ್ಲಿ ನೀವೇ ನ್ಯಾಯಾಧೀಶರು.

ಪಕ್ಷ ವಹಿಸಲೇಬೇಕಾದರೆ ತಂಗಿಯ ಕಡೆ ಅರ್ಧ ಹೆಜ್ಜೆ ಜಾಸ್ತಿ ಹಾಕಿ. ಆದರೆ ‘ಕೇಳಲೇಬಾರದು’ ಎನ್ನುವ ಅವಳ ಮಾತನ್ನು ‘ಎಲ್ಲರಿಗೂ ಒಂದೇ ಥರ ಕೇಳಬೇಕು’ ಎಂದು ತಿದ್ದಿಸಿ.

ಪ್ರಶ್ನೆ: ದೇವರನ್ನೇ ನಂಬದ ಅಭ್ಯರ್ಥಿಯ ಪ್ರಮಾಣವಚನವನ್ನು ನಂಬುವುದು ಹೇಗೆ? ಅವರಿಗೆ ಯಾರ ಭಯ?

ಉತ್ತರ: ಬ್ರಿಟನ್ನಿನ ಸಂಸತ್ತು ಈ ಪ್ರಶ್ನೆ ಹಿಡಿದುಕೊಂಡು ಆರು ವರ್ಷ ಗುದ್ದಾಡಿತ್ತು. 1880ರಲ್ಲಿ ನಾರ್ಥಾಂಪ್ಟನ್ ಕ್ಷೇತ್ರದಿಂದ ಗೆದ್ದ ಚಾರ್ಲ್ಸ್ ಬ್ರಾಡ್ಲಾ ಬಹಿರಂಗ ನಾಸ್ತಿಕ. ದೇವರ ಹೆಸರಿನ ಬದಲು ಬರೀ ದೃಢೀಕರಣ ಮಾಡುತ್ತೇನೆ ಎಂದರೆ ಸದನ ಒಪ್ಪಲಿಲ್ಲ. ಸರಿ, ನಿಮ್ಮ ಪ್ರಮಾಣವನ್ನೇ ಓದುತ್ತೇನೆ ಎಂದರೆ ಅದಕ್ಕೂ ಬಿಡಲಿಲ್ಲ. ಒಮ್ಮೆ ಅವರನ್ನು ಸಂಸತ್ತಿನ ಗಡಿಯಾರ ಗೋಪುರದಲ್ಲೇ ಕೂಡಿಹಾಕಿದರು. ಸದನ ಹೊರಗೆ ಹಾಕಿದಷ್ಟು ಸಲವೂ ಕ್ಷೇತ್ರದ ಜನ ಅವರನ್ನೇ ಆರಿಸಿ ಕಳಿಸಿದರು. 1886ರಲ್ಲಿ ಕೊನೆಗೂ ಅವರಿಗೆ ಕುಳಿತುಕೊಳ್ಳಲು ಜಾಗ ಸಿಕ್ಕಿತು. ಎರಡು ವರ್ಷದ ನಂತರ, ಬೇಕಾದವರು ದೃಢೀಕರಣ ಮಾಡಬಹುದು ಎಂಬ ಕಾಯ್ದೆಯೇ ಬಂತು. ಅದರ ಹಿಂದೆ ನಿಂತು ಓಡಾಡಿದವರೂ ಅವರೇ.

ಇಲ್ಲೊಂದು ತಮಾಷೆ ಇದೆ. ಸುಳ್ಳು ಹೇಳಲು ಹಿಂಜರಿಯದ ನಾಸ್ತಿಕ ಮೊದಲ ದಿನವೇ ದೇವರ ಹೆಸರು ಹೇಳಿ ಸದ್ದಿಲ್ಲದೆ ಕುಳಿತುಬಿಡುತ್ತಿದ್ದ. ತನ್ನ ನಿಲುವನ್ನು ಮೊದಲೇ ಬಾಯಿಬಿಟ್ಟು ಹೇಳಿದವರಿಗೇ ಇಷ್ಟೆಲ್ಲ ಕಷ್ಟ. ಪ್ರಮಾಣ ತಡೆಯುತ್ತಿದ್ದದ್ದು ಪ್ರಾಮಾಣಿಕರನ್ನು!

ಸಂಸತ್ತಿನಲ್ಲಿ ಭಾರತದ ಪರ ಸತತವಾಗಿ ಮಾತಾಡಿದ್ದರಿಂದ ಬ್ರಾಡ್ಲಾ ಅವರನ್ನು ‘ಭಾರತದ ಸದಸ್ಯ’ ಎಂದೇ ಕರೆಯುತ್ತಿದ್ದರು. 1891ರಲ್ಲಿ ಅವರು ತೀರಿಕೊಂಡಾಗ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಗಾಂಧೀಜಿ ಅಂತ್ಯಕ್ರಿಯೆಗೆ ಹೋಗಿದ್ದರು. ಇಂದು ಭಾರತದ ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಎರಡು ದಾರಿಯೂ ಇದೆ, ದೇವರ ಹೆಸರಿನಲ್ಲಿ ಪ್ರಮಾಣ ಇಲ್ಲವೇ ದೃಢೀಕರಣ. ಯಾರ ಭಯ ಎಂದು ಕೇಳಿದಿರಿ. ಲೆಕ್ಕ ತಪಾಸಣೆ, ನ್ಯಾಯಾಲಯ, ಪತ್ರಿಕೆ ಮತ್ತು ಮುಂದಿನ ಚುನಾವಣೆಯ ಭಯ. ಆಸ್ತಿಕರಿಗೂ ಇವೇ ಹೆಚ್ಚು ಉಪಯೋಗಕ್ಕೆ ಬಂದಿವೆ ಎಂದು ನನ್ನ ಲೆಕ್ಕ.

ಪ್ರಶ್ನೆ: ನಮ್ಮದು ಸಣ್ಣ ಧಾರ್ಮಿಕ ಸಮುದಾಯ. ನಮ್ಮವರು ಒಬ್ಬರಾದರೂ ಸದನದಲ್ಲಿ ಇರಲಿ ಅನಿಸುತ್ತದೆ. ಇದೂ ತಪ್ಪೇ?

ಉತ್ತರ: ತಪ್ಪಲ್ಲ. ಬ್ರಿಟನ್ನಿನಲ್ಲಿ ಲಯನೆಲ್ ಡಿ ರಾಥ್‌ಶೀಲ್ಡ್ 1847ರಲ್ಲೇ ಗೆದ್ದರೂ ಕ್ರೈಸ್ತ ಪ್ರಮಾಣ ಮಾಡಲಾರದೆ 1858ರವರೆಗೆ ಹೊರಗೇ ಉಳಿಯಬೇಕಾಯಿತು. ಅವರು ಯಹೂದಿ. ಅವರು ಒಳಗೆ ಹೋದ ದಿನ ಅಲ್ಲಿನ ಯಹೂದಿಯರಿಗೆ ಹೇಗನಿಸಿರಬಹುದು ಯೋಚಿಸಿ. ಬಹಳ ಕಾಲ ಮುಚ್ಚಿದ್ದ ಬಾಗಿಲು ತೆರೆದಾಗ ಆಗುವ ಸಂತೋಷಕ್ಕೆ ಯಾರೂ ಸಮಜಾಯಿಷಿ ಕೊಡಬೇಕಿಲ್ಲ. ನಮ್ಮವರು ಇದ್ದರೆ ನಮ್ಮ ಕಷ್ಟ ಸದನದ ಕಿವಿಗೆ ಬೀಳುತ್ತದೆ ಎನ್ನುವುದೂ ಎಷ್ಟೋ ಸಲ ನಿಜ. ಆದರೆ ಗೆದ್ದ ಮೇಲೆ ಅವರು ಕೆಲಸ ಮಾಡದಿದ್ದರೂ ‘ನಮ್ಮವರಲ್ವಾ’ ಎಂದು ಎರಡನೇ ಸಲ, ಮೂರನೇ ಸಲ ಮನ್ನಿಸುತ್ತ ಹೋದರೆ ನಷ್ಟ ಮೊದಲು ನಿಮಗೇ. ಖಾತ್ರಿ ಇರುವ ವೋಟಿಗೆ ಯಾರೂ ಬೆವರು ಹರಿಸುವುದಿಲ್ಲ.

ಈ ಆಸೆಯನ್ನೇ ನಿಯಮ ಮಾಡಿಕೊಂಡರೆ ಏನಾಗುತ್ತದೆ ಎಂದು ನೋಡಲು ಲೆಬನಾನ್ ಇದೆ. 1943ರ ಒಪ್ಪಂದದಂತೆ ಅಲ್ಲಿ ಅಧ್ಯಕ್ಷರು ಮೆರೊನೈಟ್ ಕ್ರೈಸ್ತರು, ಪ್ರಧಾನಿ ಸುನ್ನಿ, ಸ್ಪೀಕರ್ ಶಿಯಾ. ಸಂಸತ್ತಿನ 128 ಸ್ಥಾನಗಳನ್ನು ಕ್ರೈಸ್ತರಿಗೂ ಮುಸ್ಲಿಮರಿಗೂ ಅರ್ಧ ಅರ್ಧ ಹಂಚಿ, ಆಮೇಲೆ ಒಳಪಂಗಡಗಳಿಗೆ ಮತ್ತೆ ಹಂಚಿದ್ದಾರೆ. ಯಾರಿಗೂ ಅನ್ಯಾಯ ಆಗಬಾರದು ಎಂಬ ಉದ್ದೇಶವೇ ಇತ್ತು. ಈಗ ಅಲ್ಲಿ ಒಬ್ಬ ಸುನ್ನಿ ಹುಡುಗಿ ಎಷ್ಟೇ ಬುದ್ಧಿವಂತೆಯಾದರೂ ಅಧ್ಯಕ್ಷೆ ಆಗುವಂತಿಲ್ಲ, ಮೆರೊನೈಟ್ ಹುಡುಗ ಪ್ರಧಾನಿ ಆಗುವಂತಿಲ್ಲ. 2022ರ ಅಕ್ಟೋಬರ್‌ನಿಂದ 2025ರ ಜನವರಿವರೆಗೆ ಒಮ್ಮತ ಮೂಡದೆ ಅಧ್ಯಕ್ಷರ ಕುರ್ಚಿ ಖಾಲಿಯೇ ಇತ್ತು. ಮತ್ತೊಂದು ವಿಚಿತ್ರ ಎಂದರೆ, 1932ರ ನಂತರ ಆ ದೇಶದಲ್ಲಿ ಅಧಿಕೃತ ಜನಗಣತಿಯೇ ನಡೆದಿಲ್ಲ. ಯಾವ ಧರ್ಮದವರು ಎಷ್ಟು ಜನ ಎಂದು ಎಣಿಸಲು ಕುಳಿತರೆ ಯಾರ ಕುರ್ಚಿ ಅಲುಗಾಡುತ್ತದೋ ಎಂದು ಎಲ್ಲರಿಗೂ ಭಯ.