ಪೋಕರ್ ಗೊತ್ತಿಲ್ಲದವರನ್ನು ಮನೆಗೆ ಕರೆದು ಆಡಿಸುವಾಗ ತಲೆಗೆ ಎಷ್ಟು ದುಡ್ಡು ಇಡಬೇಕು?

ಒಂದು ರೂಪಾಯಿಯೂ ಬೇಡ. ದುಡ್ಡಿಲ್ಲದಿದ್ದರೆ ಯಾರೂ ಮನಸ್ಸಿಟ್ಟು ಕಲಿಯುವುದಿಲ್ಲ ಅಂತ ಬರೆದಿದ್ದೀರಿ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮದು ಮೂಡಿಗೆರೆ ಕಡೆ. ಆಷಾಢದ ಮಳೆ ಹಿಡಿದರೆ ತೋಟದ ಕೆಲಸವೂ ನಿಲ್ಲುತ್ತದೆ, ಕರೆಂಟೂ ಹೋಗುತ್ತದೆ. ಭಾವ, ಅವರ ತಮ್ಮ, ಪಕ್ಕದ ತೋಟದ ಇಬ್ಬರನ್ನು ಕರೆದೆ. ತಲೆಗೆ 500 ರೂಪಾಯಿ. ಎಲ್ಲರೂ ಮೂರೆಲೆಯ ತೀನ್ ಪತ್ತಿ ಆಡಿದವರೇ. ಹಾಗಾಗಿ ಯಾವುದು ದೊಡ್ಡದು, ಯಾವುದು ಚಿಕ್ಕದು ಅಂತ ಹೇಳಲೇ ಇಲ್ಲ. ಕೈಗೆ ಎರಡೆಲೆ, ನಡುವೆ ಎಲ್ಲರಿಗೂ ಸೇರಿದ ಐದೆಲೆ, ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಳ್ಳಿ ಅಂದೆ, ಅಷ್ಟೇ.

ಕೆಟ್ಟದ್ದು ಅಲ್ಲೇ. ಎಲೆಗಳೆಲ್ಲ ಒಂದೇ ಜಾತಿಯವಾದರೆ ಕಲರ್, ಸಂಖ್ಯೆ ಸಾಲಾಗಿ ಬಂದರೆ ಸೀಕ್ವೆನ್ಸ್. ತೀನ್ ಪತ್ತಿಯಲ್ಲಿ ಕಲರ್‌ಗಿಂತ ಸೀಕ್ವೆನ್ಸ್ ದೊಡ್ಡದು. ಪೋಕರ್‌ನಲ್ಲಿ ಉಲ್ಟಾ. ಯಾರೋ ಸುಮ್ನೆ ಮಾಡಿದ ನಿಯಮ ಅಲ್ಲ ಇದು. 52 ಎಲೆಯಿಂದ ಮೂರು ತೆಗೆದರೆ ಬರೀ ಸೀಕ್ವೆನ್ಸ್ 720 ಬಗೆಯಲ್ಲಿ ಬರುತ್ತದೆ, ಬರೀ ಕಲರ್ 1,096 ಬಗೆಯಲ್ಲಿ. ಐದು ತೆಗೆದರೆ ಸೀಕ್ವೆನ್ಸ್ 10,200, ಕಲರ್ 5,108. ಕಡಿಮೆ ಬರುವುದೇ ದೊಡ್ಡದು. ಇದನ್ನು ಮೊದಲೇ ಹೇಳಬೇಕಿತ್ತು. ಬಾಯಲ್ಲಿ ಹೇಳಿದರೂ ಸಾಲದು, ಬರೆದು ಎಲ್ಲರ ಮುಂದೆ ಇಡಬೇಕಿತ್ತು. ವರ್ಷಗಟ್ಟಲೆ ಆಡಿದ ಲೆಕ್ಕ ಒಂದು ಸಂಜೆಗೆ ತಲೆಯಿಂದ ಹೋಗುವುದಿಲ್ಲ.

ಭಾವನ ಕೈಯಲ್ಲಿ ಏಳು, ಎಂಟು. ನಡುವೆ ಆರು, ಒಂಬತ್ತು, ಹತ್ತು ಬಿದ್ದಿದ್ದವು. ಗೆದ್ದೆ ಅಂತಲೇ ಇದ್ದಿದ್ದೆಲ್ಲ ಮುಂದಕ್ಕೆ ತಳ್ಳಿದರು. ನಾನು ಆಟಿನ್ ಕಲರ್ ತೋರಿಸಿದೆ. ನಿಯಮ ಹೇಳಿದಾಗ ಎಲ್ಲರೂ ನನ್ನ ಮುಖ ನೋಡಿದರು. "ನಿನ್ನ ಮನೆ, ನಿನ್ನ ರೂಲ್ಸು" ಅಂದು ಭಾವ ಎದ್ದರು. ದುಡ್ಡು ವಾಪಸ್ ಕೊಡಲು ಹೋದೆ, ಅವಮಾನ ಇನ್ನೂ ಜಾಸ್ತಿ ಆಯಿತು. ಆ ವರ್ಷ ಅಕ್ಕ ಗೌರಿ ಹಬ್ಬಕ್ಕೆ ತವರಿಗೆ ಬರಲಿಲ್ಲ. ದುಡ್ಡಿಲ್ಲದಿದ್ದರೆ ಅದೇ ಆಟಕ್ಕೆ ಎಲ್ಲರೂ ನಕ್ಕು ಮುಂದಿನ ಎಲೆ ಹಾಕುತ್ತಿದ್ದೆವು.

ಹುಣಸೆಬೀಜ ಹಂಚಿ, ಸಾಕು. ಮೊದಲ ಕೆಲವು ಆಟ ಎಲೆ ಬಿಚ್ಚಿಟ್ಟೇ ಆಡಿ. ಬ್ಲಫ್, ಅಂದರೆ ಒಳ್ಳೆಯ ಎಲೆ ಇಲ್ಲದೆಯೂ ಇದ್ದಂತೆ ಹೆದರಿಸುವುದು, ಬೇಡವೇ ಬೇಡ. ಹೊಸಬರು ಹೆದರಿ ಬಿಡುವವರಲ್ಲ, ಏನಿದೆ ನೋಡೋಣ ಅಂತ ಕೊನೆವರೆಗೂ ಬರುತ್ತಾರೆ.

ಊಟದ ಖರ್ಚಿಗೆ ಪ್ರತಿ ಆಟದಿಂದ ಸ್ವಲ್ಪ ತೆಗೆದಿಡಲಾ ಅಂತಲೂ ಕೇಳಿದ್ದೀರಿ. ಖಂಡಿತ ಬೇಡ. ಮನೆಯವರು ದುಡ್ಡಿನ ಆಟ ಆಡಿಸಿ ಅದರಲ್ಲಿ ಪಾಲು ತೆಗೆದುಕೊಂಡರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಆ ಮನೆ ಜೂಜಿನ ಅಡ್ಡೆ ಅನ್ನಿಸಿಕೊಳ್ಳಬಹುದು. ಊಟ ನೀವೇ ಹಾಕಿ.

ಇನ್ನೊಂದು ಮಾತು. ಕೊನೆಯಲ್ಲಿ ಎಲೆ ತೋರಿಸುವಾಗ ಅವರವರ ಐದೆಲೆಯನ್ನು ಅವರೇ ಆರಿಸಿ, ಯಾವುದು ದೊಡ್ಡದು ಅಂತ ಬರೆದು ಮುಂದಿಟ್ಟ ಚೀಟಿ ನೋಡಿ ಹೇಳಲಿ. ನೀವು ಕೈ ಹಾಕಬೇಡಿ.